ಹೊಸ್ತಿಲು ದಾಟುವವನ ದನಿ

ಹತ್ತೊಂಬತ್ತನೆಯ ಹಾಳೆಗೆ ಮೊಬೈಲು ಹಿಡಿದಾಗ ತೃಪ್ತಿಯ ಅವಸರಕ್ಕೆ ಚಿತ್ರ ಮಸುಕಾಯಿತು. ಮತ್ತೊಮ್ಮೆ ತೆಗೆದಳು. ಕೆಳಗಿನ ಅಂಗಡಿಯಲ್ಲಿ ಓಂಕಾರ್ ಯಾರಿಗೋ ಹನಿ ನೀರಾವರಿಯ ಪೈಪು ಅಳೆದು ಕೊಡುತ್ತಿದ್ದ. ಅವನು ಮೀಟರು ಎಣಿಸುವ ದನಿ ಮೆಟ್ಟಿಲಗುಂಟ ಮೇಲೆ ಬರುತ್ತಿತ್ತು. ಹದಿನಾಲ್ಕು. ಹದಿನೈದು. ಆ ಎಣಿಕೆ ನಿಂತಿತೆಂದರೆ ಅವನು ಮೇಲೆ ಬಂದನೆಂದೇ ಅರ್ಥ. ಇಪ್ಪತ್ತನೆಯ ಹಾಳೆ. ಇಪ್ಪತ್ತೊಂದು. ಎಣಿಕೆ ನಿಂತಿತು. ಇನ್ನೊಂದೇ ಹಾಳೆ ಉಳಿದಿತ್ತು, ಅದೇ ಬೇಕಾದದ್ದು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಎಳೆದು ಒತ್ತಿದಳು, ಮೊಬೈಲನ್ನು ಚೀಲಕ್ಕೆ ಇಳಿಸಿದಳು, ಮತ್ತು ಓಂಕಾರ್ ಎರಡು ಕಪ್ಪು ಚಹಾ ಹಿಡಿದು ಒಳಗೆ ಬಂದಾಗ ಕೈ ಮಡಚಿಕೊಂಡು ಓದುತ್ತಿರುವವಳ ಹಾಗೆ ಕುಳಿತಿದ್ದಳು.

"ಎಲ್ಲಾ ಓದಿ, ಬೇಕಾದಷ್ಟು ಹೊತ್ತು ಕೂಡಿ. ಫೋಟೊ ಮಾತ್ರ ನಕೋ" ಎಂದು ಅವನು ಹೇಳಿ ಕೆಳಗಿಳಿದು ಹತ್ತು ನಿಮಿಷವೂ ಆಗಿರಲಿಲ್ಲ.

"ಚಹಾ ತಗೊಳ್ಳಿ, ತಾಈ."

ಅವರಿಬ್ಬರ ಮಾತು ಮರಾಠಿಯಲ್ಲಿ; ತಾಈ ಎಂದರೆ ಅಕ್ಕ. ನಲವತ್ತೈದು ದಾಟಿದವನು ಇಪ್ಪತ್ತಾರರ ಹುಡುಗಿಯನ್ನು ಅಕ್ಕ ಎಂದು ಕರೆಯುವಾಗ ಅವಳಿಗೆ ಚೀಲದೊಳಗಿನ ಮೊಬೈಲು ಇನ್ನಷ್ಟು ಭಾರವೆನಿಸಿತು.

"ನಕೋ ದಾದಾ, ಬಸ್ ಸ್ಟ್ಯಾಂಡಿನಲ್ಲೇ ಕುಡಿದು ಬಂದೆ."

ದಾದಾ ಎಂದರೆ ಅಣ್ಣ, ನಕೋ ಎಂದರೆ ಬೇಡ. ಆದರೆ ಚಹಾದ ಮಟ್ಟಿಗೆ ಪುಣೆಯಾಚೆಯ ಈ ಶಿರೂರಿನಲ್ಲಿ ಯಾರ ನಕೋವನ್ನೂ ಯಾರೂ ನಂಬುವುದಿಲ್ಲ. ಕಪ್ಪು ಅವಳ ಕೈಗೆ ಬಂತು. ಓಂಕಾರ್ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತ. ಅವನ ಹಿಂದೆ, ನೆಲದಿಂದ ಸೂರಿನವರೆಗೆ, ಅವನ ಮೂವತ್ತು ವರ್ಷ ಪೇರಿಸಿತ್ತು: ಧಾರಾವಾಹಿಯ ಹದಿಮೂರು ಕಂತುಗಳ ಕ್ಯಾಸೆಟ್ಟು, ಅಭಿಮಾನಿಗಳು ಬರೆದ ಪತ್ರದ ಕಟ್ಟು, ಥರ್ಮೋಕೋಲಿನಲ್ಲಿ ಮಾಡಿದ ನೌಕೆ, ಆಗದೇ ಹೋದ ಸಿನಿಮಾದ ಪೋಸ್ಟರು, ಆಗದೇ ಹೋದ ಕಾರ್ಟೂನಿನ ಪೆನ್ಸಿಲ್ ಚಿತ್ರ.

ಧಾರಾವಾಹಿಯ ಹೆಸರು 'ಸಾತವೀ ಕಕ್ಷಾ'. ಏಳನೆಯ ಕಕ್ಷೆ ಎಂದು ಅರ್ಥ. ಹಿಂದಿಯಲ್ಲಿ ಏಳನೆಯ ತರಗತಿ ಎಂದೂ ಆಗುತ್ತದೆಯಾದ್ದರಿಂದ ಮೊದಲ ವಾರ ಎಷ್ಟೋ ತಾಯಂದಿರು ಪಾಠವೆಂದು ತಿಳಿದು ಮಕ್ಕಳನ್ನು ಪಾಟಿ ಸಮೇತ ಟೀವಿಯ ಮುಂದೆ ಕೂರಿಸಿದ್ದರಂತೆ. ತೊಂಬತ್ನಾಲ್ಕರಲ್ಲಿ, ಪುಣೆಯ ಹಡಪಸರದ ಒಂದು ಖಾಲಿ ಶೆಡ್ಡಿನಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನವರು ಎಸೆದ ಸ್ವಿಚ್ ಬೋರ್ಡನ್ನೇ ನೌಕೆಯ ಯಂತ್ರ ಮಾಡಿ ತೆಗೆದದ್ದು. ಕೊನೆಯ ಕಂತಿನಲ್ಲಿ ಅಭಯ ಎಂಬ ಚಾಲಕ ಒಬ್ಬನೇ ಉಳಿಯುತ್ತಾನೆ. ಭೂಮಿಗೆ ಒಂದೇ ಸಂದೇಶ ಕಳಿಸುವಷ್ಟು ವಿದ್ಯುತ್ತು ಇರುತ್ತದೆ. ಅವನು ಹೇಳುತ್ತಾನೆ: ಮಾ, ಮೈ ಆ ರಹಾ ಹೂಂ. ಅಮ್ಮಾ, ನಾನು ಬರುತ್ತಿದ್ದೇನೆ. ಅಷ್ಟೇ. ತೆರೆ ಕಪ್ಪಾಗುತ್ತದೆ.

ಬರಲಿಲ್ಲ. ಎರಡು ಸಾವಿರದ ಒಂದರಲ್ಲಿ ಸಿನಿಮಾ ಮಾಡುತ್ತೇವೆಂದವರು ಪೋಸ್ಟರು ಅಚ್ಚು ಹಾಕಿಸಿ ಮಾಯವಾದರು. ಹನ್ನೊಂದರಲ್ಲಿ ಕಾರ್ಟೂನು ಮಾಡುತ್ತೇವೆಂದವರು ಅಭಯನಿಗೆ ಮೀಸೆ ಇರಬೇಕೋ ಬೇಡವೋ ಎಂಬಲ್ಲೇ ಜಗಳವಾಡಿ ಬಾಗಿಲು ಹಾಕಿದರು. ನಡುವೆ ಶಿರೂರಿನ ಓಂಕಾರ್ ಒಂದು ಸಂಘ ಕಟ್ಟಿದ. 'ವಾಟ ಪಾಹಣಾರೆ ಮಂಡಳ' ಎಂದರೆ ದಾರಿ ಕಾಯುವವರ ಮಂಡಳಿ. ಈಗ ಅದರಲ್ಲಿ ನಲವತ್ತು ಸಾವಿರ ಜನ. ಆ ಹಿಂದಿ ವಾಕ್ಯ ಅಂಗಿಯ ಮೇಲಿದೆ, ಟ್ರಕ್ಕಿನ ಹಿಂದಿದೆ.

ಪುಣೆಯ ಖರಾಡಿಯ ಒಂದು ಕಂಪನಿ ಈಗ ಧಾರಾವಾಹಿಯ ಹಕ್ಕು ಕೊಂಡು ಎರಡನೆಯ ಸರಣಿಗೆ ಹೊರಟಿತ್ತು. ಆಗದೇ ಹೋದವು ಯಾಕೆ ಆಗಲಿಲ್ಲ, ಕಾದವರು ಏನು ಕಾದರು ಎಂದು ಹುಡುಕಿ ಬರೆಯಲು ತೃಪ್ತಿಯನ್ನು ಇಟ್ಟುಕೊಂಡಿತ್ತು. ಎಂಟು ತಿಂಗಳಾಗಿತ್ತು. ಹುಟ್ಟದ ಮಕ್ಕಳ ಜಾತಕ ಬರೆಯುವ ಕೆಲಸ ಎಂದು ಅವಳ ಅಪ್ಪ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಸರಣಿ ನಡೆದರೆ ಬರಹಗಾರರ ಸಾಲಿನಲ್ಲಿ ಅವಳ ಹೆಸರು ಇರುತ್ತದೆಂದು ಮೇಲಧಿಕಾರಿ ನೀಲಿಮಾ ಬರೆದುಕೊಟ್ಟಿದ್ದಳು. ಹೂಡಿಕೆದಾರರು ಕೇಳಿದ್ದು ಎರಡೇ: ಅಭಯ ಬರಬೇಕೆಂದು ಮೂಲ ಲೇಖಕನೇ ಬಯಸಿದ್ದನೆಂಬುದಕ್ಕೆ ಒಂದು ಕಾಗದ, ಮತ್ತು ಮಂಡಳಿಯ ಒಪ್ಪಿಗೆ. ಎರಡೂ ಓಂಕಾರನ ಕೈಯಲ್ಲಿದ್ದವು.

ಮೂಲ ಲೇಖಕ ಸಿದ್ರಾಮಪ್ಪ, ಧಾರವಾಡದ ಕಡೆಯವರು. ಪುಣೆಯ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದರು. ಬರೆದದ್ದು ಕನ್ನಡದಲ್ಲಿ. ಯಾರೋ ಹಿಂದಿ ಮಾಸ್ತರು ಅದನ್ನು ಹಿಂದಿ ಮಾಡಿದರು, ಟೀವಿಯಲ್ಲಿ ಬಂದದ್ದು ಮಾಸ್ತರ ಹೆಸರೇ. ಮುಂದಿನ ಭಾಗ ಯಾವಾಗ ಎಂದು ಕೇಳಲು ಕನ್ನಡ ಬಾರದ ಕಾಲೇಜು ಹುಡುಗ ಓಂಕಾರ್ ಮಾಸ್ತರಿಂದ ವಿಳಾಸ ಪಡೆದು ಸೈಕಲ್ಲು ತುಳಿದು ಹೋದಾಗ ಅವರು ಕೊನೆಯ ಕಂತಿನ ಈ ಇಪ್ಪತ್ತೆರಡು ಹಾಳೆ ಕೈಗಿತ್ತು, "ಓದಿಸ್ಕೊ" ಎಂದಿದ್ದರು. ಅವನು ಓದಿಸಿಕೊಳ್ಳಲಿಲ್ಲ. ಓದಿದವರು ಊರಿಗೆಲ್ಲ ಹೇಳಿಬಿಟ್ಟರೆ ಎಂಬುದು ಅವನು ಕೊಡುವ ಕಾರಣ.

"ಹೇಳಿ, ತಾಈ," ಓಂಕಾರ್ ಕೇಳಿದ. "ಏನು ಬರೆದಿದಾರೆ?"

ತೃಪ್ತಿ ಕೊನೆಯ ಹಾಳೆ ಎತ್ತಿದಳು. ನೀಲಿ ಶಾಯಿ, ದುಂಡು ಅಕ್ಷರ. ಅಂಚಿನಲ್ಲಿ ನಟನಿಗೆ ಒಂದು ಸೂಚನೆ: ಹೊಸ್ತಿಲು ದಾಟುವವನ ದನಿಯಲ್ಲಿ. ಅದರ ಕೆಳಗೆ ಎರಡೇ ಪದ. ಯವ್ವಾ, ಬರ್ತೇನಿ.

"ಟೀವಿಯಲ್ಲಿ ಬಂದದ್ದೇ ಇದೆ," ಎಂದು ಅವಳು ಹಿಂದಿಯ ಆ ಹಳೇ ವಾಕ್ಯವನ್ನೇ ಹೇಳಿದಳು. "ಮೈ ಆ ರಹಾ ಹೂಂ. ಅದೇ. ಇನ್ನೂ ಒಂದಿದೆ ದಾದಾ, ಹಿಂದಿಯವರು ಬಿಟ್ಟದ್ದು. ಹೊಸ್ತಿಲು ದಾಟುವವನ ಹಾಗೆ ಹೇಳಬೇಕಂತೆ. ಮನೆಯೊಳಗೆ ಕಾಲಿಡೋ ಹಾಗೆ."

ಓಂಕಾರ್ ಆಗ ಕೂತ. ಕುರ್ಚಿಯ ಮೇಲಲ್ಲ, ಪೈಪಿನ ಸುರುಳಿಯ ಮೇಲೆ. ಬಹಳ ಹೊತ್ತು ಥರ್ಮೋಕೋಲಿನ ನೌಕೆಯ ಕಡೆ ನೋಡಿದ.

"ಶುಕ್ರವಾರ ಖರಾಡಿಗೆ ಬರ್ತೇನೆ," ಎಂದ. "ಮೂಲ ಪ್ರತಿ ತರ್ತೇನೆ. ಸಹಿ ಹಾಕ್ತೇನೆ."

ಬಸ್ಸಿನಲ್ಲಿ ಕೂತ ಕೂಡಲೇ ತೃಪ್ತಿ ಇಪ್ಪತ್ತೆರಡನೆಯ ಹಾಳೆಯ ಚಿತ್ರವನ್ನು ನೀಲಿಮಾಳಿಗೆ ಕಳಿಸಿದಳು. ಶುಕ್ರವಾರ ಅವನೇ ತಂದು ತೋರಿಸುವವನು, ಮೂರು ದಿನ ಮೊದಲು ಹೋದರೇನಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ವಾಘೋಲಿ ಬರುವಷ್ಟರಲ್ಲಿ ಉತ್ತರ ಬಂತು: ಚಿನ್ನದಂಥ ಕೆಲಸ. ಅನುವಾದಕಿ ಎಂದು ನೀನೇ ಪ್ರಮಾಣಪತ್ರ ಬರೆ. ಲೇಖಕನ ಒಂದು ಫೋಟೊ ಬೇಕು.

ಫೋಟೊಗಾಗಿ ಅವಳು ಗುರುವಾರ ಮಧ್ಯಾಹ್ನ ಹಡಪಸರಕ್ಕೆ ಹೋದಳು. ಸಿದ್ರಾಮಪ್ಪನವರ ಹೆಂಡತಿ ನಾಗವ್ವನ ಮನೆ ಮೂರನೆಯ ಮಹಡಿ. ಮೊದಲನೆಯದಕ್ಕೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಳಗೆ ನಾಲ್ಕು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಎಪ್ಪತ್ತರ ನಾಗವ್ವ ಐದನೆಯ ಒಲೆಯ ಮುಂದಿದ್ದಳು. ಐಟಿ ಕಂಪನಿಗಳ ಕ್ಯಾಂಟೀನಿಗೆ ಹೋಗುವ ರೊಟ್ಟಿ.

"ಯಾರ ಬೇ ನೀ? ಎಷ್ಟ ರೊಟ್ಟಿ ಬೇಕು?"

"ರೊಟ್ಟಿ ಅಲ್ರಿ ಅಜ್ಜಿ. ಅಜ್ಜಾರ ಒಂದು ಫೋಟೊ ಬೇಕಾಗಿತ್ರಿ. ಅವರ ಸೀರಿಯಲ್ಲು ಮತ್ತ ಮಾಡಾಕ ಹತ್ತೇವಿ."

"ಇದ್ದಾಗ ಯಾರೂ ಬರಲಿಲ್ಲ. ಹೋಗಿ ಹನ್ನೊಂದ ವರ್ಷ ಆತು, ಈಗ ಫೋಟೊ ಕೇಳ್ತೀರಿ." ನಾಗವ್ವ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರಿದಳು. "ಯಾವೂರು ನಿಮ್ಮದು?"

"ಅಪ್ಪಾಂದು ಬೈಲಹೊಂಗಲ ರಿ. ನಾ ಹುಟ್ಟಿದ್ದು ಇಲ್ಲೇ."

"ಅದಕ್ಕ ನಿನ್ನ ಕನ್ನಡ ಒಂದ ಮಗ್ಗಲಷ್ಟ ಬೆಂದದ."

ಹೆಂಗಸರು ನಕ್ಕರು. ನಾಗವ್ವ ಎದ್ದು ಹೋಗಿ ಒಂದು ಫೋಟೊ ತಂದಳು. ಕಿವಿಗೆ ಹೆಡ್‌ಫೋನು ಸಿಗಿಸಿಕೊಂಡು, ಸ್ವಿಚ್ ಬೋರ್ಡಿನ ಮುಂದೆ ಕೂತ ಸಣಕಲು ಮನುಷ್ಯ. ಕೊಡುವ ಮೊದಲು ಸೆರಗಿನಿಂದ ಒರೆಸಿದಳು.

"ಆ ಶಿರೂರ ಹುಡುಗ ಅದಾನೇನ ಇನ್ನೂ? ಸೈಕಲ್ ಮ್ಯಾಲ ಬಂದಿದ್ದ. ನಾಕ ರೊಟ್ಟಿ ತಿಂದಿದ್ದ."

"ಅದಾರ್ರಿ. ಅಜ್ಜಾರ ಹಾಳಿ ದೇವರ ಹಂಗ ಇಟಗೊಂಡಾರ."

"ಇಟಗೊಳ್ಳಾಕ ಕೊಟ್ಟಿದ್ದಿಲ್ಲ, ಓದಸಾಕ ಕೊಟ್ಟಿದ್ದು. ಓದಿಸ್ಕೊಂಡಾನೇನ?"

"ನಾನ ಓದಿ ಹೇಳಿದೆ, ಮೊನ್ನೆ."

"ಏನಂತ ಹೇಳಿದಿ?"

"ಅಭಯ ಬರ್ತಾನ ಅಂತ."

ನಾಗವ್ವನ ಕೈಯಲ್ಲಿನ ಹಿಟ್ಟಿನ ಉಂಡೆ ಒಂದು ಗಳಿಗೆ ತಿರುಗುವುದನ್ನು ನಿಲ್ಲಿಸಿತು. ಅವಳು ಏನೋ ಅನ್ನುವವಳಿದ್ದಳು. ಅಷ್ಟರಲ್ಲಿ ತೃಪ್ತಿಯ ಮೊಬೈಲು ಬಡಿದುಕೊಂಡಿತು. ನೀಲಿಮಾ: ಪ್ರಮಾಣಪತ್ರ ಎಲ್ಲಿ? ತೃಪ್ತಿ ಫೋಟೊ ಚೀಲಕ್ಕೆ ಹಾಕಿ, ಚಪ್ಪಲಿಯಲ್ಲಿ ಕಾಲು ತೂರಿಸುತ್ತ, "ಹೋಗ್ತೇನ್ರಿ ಅಜ್ಜಿ, ಭಾಳ ಅರ್ಜೆಂಟ್ ಅದ" ಎಂದಳು.

ಒಲೆಗಳ ಮುಂದಿನ ಐದೂ ಜನರ ಕೈ ನಿಂತವು.

"ಏನಂದಿ?" ನಾಗವ್ವ ಹಿಟ್ಟುಗೈಯಲ್ಲೇ ಬಾಗಿಲಿಗೆ ಬಂದಳು. "ದುಡಿಯೂ ಮನಿ ಬಾಗಿಲದಾಗ ನಿಂತು ಹೋಗ್ತೇನಿ ಅಂತಿಯಲ್ಲಾ, ನಿಮ್ಮವ್ವ ಏನೂ ಕಲಿಸಿಲ್ಲೇನ? ಹೊಸ್ತಿಲಾ ದಾಟಾಕಿ ಹೋಗ್ತೇನಿ ಅನಬಾರದು. ಬರ್ತೇನಿ ಅನ್ನು."

"ತಪ್ಪಾತ್ರಿ ಅಜ್ಜಿ. ಬರ್ತೇ..."

ಪದ ಬಾಯಲ್ಲೇ ಉಳಿಯಿತು. ಅವಳ ಒಂದು ಕಾಲು ಹೊಸ್ತಿಲ ಆಚೆಗಿತ್ತು.

ಈ ಮಾತನ್ನು ಅವಳು ದಿನವೂ ಆಡುತ್ತಿದ್ದಳು. ಆಫೀಸಿಗೆ ಹೊರಡುವಾಗ, ನೆಂಟರ ಮನೆಯಿಂದ ಏಳುವಾಗ, ಆಸ್ಪತ್ರೆಯಲ್ಲಿ ಮಾಮಾನ ಹಾಸಿಗೆಯ ಪಕ್ಕದಿಂದ ಸರಿಯುವಾಗ. ಆದರೆ ಆ ಹಾಳೆಯ ಮೇಲೆ ಅದನ್ನು ಕಂಡಾಗ ಅವಳ ತಲೆಯಲ್ಲಿ ಮೊದಲೇ ಹಿಂದಿ ಕೂತಿತ್ತು. ಟ್ರಕ್ಕಿನ ಹಿಂದೆ ಓದಿದ ವಾಕ್ಯ, ಅಂಗಿಯ ಮೇಲೆ ಓದಿದ ವಾಕ್ಯ. ಹಿಂದಿಯ ಕನ್ನಡಕ ಹಾಕಿಕೊಂಡು ಅವಳು ಕನ್ನಡ ಓದಿದ್ದಳು. ಹೊಸ್ತಿಲು ದಾಟುವವನ ದನಿ ಎಂದರೆ ಒಳಗೆ ಬರುವವನ ದನಿ ಎಂದು ಅವಳಿಗೆ ಹೇಳಿದವರು ಯಾರು?

"ಅಜ್ಜಿ," ಎಂದಳು, "ಅಂವಾ ಹೊಂಟಿದ್ದನೇನ್ರಿ?"

"ಮತ್ತ? ದೀಪಾ ಆರೂ ಹೊತ್ತಿನಾಗ ಎಲ್ಲಿಂದ ಬರ್ತಾನವಾ?" ನಾಗವ್ವನ ದನಿ ಮೆತ್ತಗಾಯಿತು. "ಸಾಯಾಂವ ಸುದ್ದಾ ತಾಯಿಗೆ ಹೋಗ್ತೇನಿ ಅನಬಾರದು. ಅಷ್ಟ ಬರದಿದ್ರು. ಆ ಹಿಂದಿ ಮಾಸ್ತರಗ ನಮ್ಮವರು ಮೂರ ಸಲ ಹೇಳಿದ್ರು. 'ಹೌದ್ರಿ, ಬರ್ತೇನಿ ಅಂದ್ರ ಆ ರಹಾ ಹೂಂ, ಡಿಕ್ಷನರಿ ನೋಡ್ರಿ' ಅಂತ ಅವರಿಗೇ ಕಲಿಸಿದ. ಆಮ್ಯಾಲ ಪತ್ರ ಬರಾಕ ಹತ್ತಿದ್ವು, ಯಾವಾಗ ಬರ್ತಾನ, ಯಾವಾಗ ಬರ್ತಾನ ಅಂತ. ಕಾಯೂ ಮಂದಿಗೆ ನಾ ಏನಂತ ಬರೀಲಿ ನಾಗೂ, ಅಂತಿದ್ರು. ಅದಕ್ಕ ಆ ಹುಡುಗಗ ಹಾಳಿ ಕೊಟ್ಟು, ಓದಿಸ್ಕೊ ಅಂದ್ರು."

ತೃಪ್ತಿ ಮೆಟ್ಟಿಲು ಇಳಿದಳು. ಏನು ಹೇಳಿ ಹೊರಟಳೋ ಅವಳಿಗೇ ನೆನಪಿರಲಿಲ್ಲ. ರಾತ್ರಿ ಪದಕ್ಕೆ ಪದ ಇಟ್ಟು ಪ್ರಮಾಣಪತ್ರ ಬರೆದು ಕಳಿಸಿದಳು, ಸಹಿ ಹಾಕದೆ.

ಶುಕ್ರವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ಖರಾಡಿಯ ಹನ್ನೆರಡನೆಯ ಮಹಡಿಯ ಕಾರಿಡಾರಿನಲ್ಲಿ, ಅವಳು ನೀಲಿಮಾಳಿಗೆ ಎಲ್ಲ ಹೇಳಿದಳು. ಗಾಜಿನ ಕೋಣೆಯೊಳಗೆ ಓಂಕಾರ್ ಆಗಲೇ ಬಂದು ಕುಳಿತಿದ್ದ. ಹೊಸ ಅಂಗಿ, ಮಡಿಕೆ ಇನ್ನೂ ಹೋಗಿರಲಿಲ್ಲ. ಮಡಿಲಲ್ಲಿ ಪ್ಲಾಸ್ಟಿಕ್ಕಿನ ಫೈಲು.

ನೀಲಿಮಾ ಮರಾಠಿಯವಳು. ಅವಳಿಗೆ ವಿವರಿಸಬೇಕಾಗಲಿಲ್ಲ. "ಅಂದರೆ... ಯೇತೋ," ಎಂದಳು.

"ಹೌದು. ನಿಮ್ಮ ಯೇತೋ, ನಮ್ಮ ಬರ್ತೇನಿ."

ಮರಾಠಿಯವರೂ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ. ತಾಯಿಗೆ ಆಯಿ, ಯೇತೋ, ಅಮ್ಮಾ, ಬರುತ್ತೇನೆ, ಎಂದೇ ಹೊರಡುತ್ತಾರೆ. ನಡುವೆ ಹಿಂದಿ ಬಂದು ಕೂರದಿದ್ದರೆ ಮೂವತ್ತು ವರ್ಷ ಯಾರೂ ಕಾಯುತ್ತಿರಲಿಲ್ಲ.

ನೀಲಿಮಾ ಗಾಜಿನಾಚೆ ನೋಡಿದಳು. "ನಿನ್ನ ಪ್ರಮಾಣಪತ್ರದಲ್ಲಿ ಪದಕ್ಕೆ ಪದ ಸರಿ ಇದೆಯೋ ಇಲ್ಲವೋ?"

"ಪದಕ್ಕೆ ಪದ ಸರಿಯೇ."

"ಹಾಗಾದರೆ ಸುಳ್ಳೆಲ್ಲಿ?"

"ಅರ್ಥ..."

"ಅರ್ಥ ಹೂಡಿಕೆದಾರರು ಕೇಳಿಲ್ಲ. ಅನುವಾದ ಕೇಳಿದಾರೆ. ತೃಪ್ತಿ, ಇವತ್ತು ಸಹಿ ಬೀಳದಿದ್ದರೆ ಆಗದೇ ಹೋದ ಸಿನಿಮಾ, ಆಗದೇ ಹೋದ ಕಾರ್ಟೂನು, ಅದರ ಪಕ್ಕಕ್ಕೆ ನಾವು. ಮುಂದಿನ ಸಂಶೋಧಕಿ ನಮ್ಮ ಮೇಲೆ ಟಿಪ್ಪಣಿ ಬರೀತಾಳೆ. ಅದು ನಿನಗೆ ಬೇಕಾ?" ಬಾಗಿಲಿನ ಹಿಡಿಕೆಗೆ ಕೈ ಹಾಕಿ, ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದಳು: "ಒಂದೇ ಮಾತು. ಒಳಗೆ ಹಿಂದಿಯಲ್ಲೇ ಮಾತಾಡು. ಮರಾಠಿ ಬೇಡ."

ಒಳಗೆ ಹೋದ ಮೇಲೆ ತೃಪ್ತಿಗೆ ಮೊದಲು ಕಂಡದ್ದು ಗೋಡೆ. ನೀಲಿಮಾಳ ಲ್ಯಾಪ್‌ಟಾಪಿನಿಂದ ಗೋಡೆಯ ತೆರೆಯ ಮೇಲೆ ಇಪ್ಪತ್ತೆರಡನೆಯ ಹಾಳೆ ಎದ್ದು ನಿಂತಿತ್ತು, ಬಾಗಿಲಿನಷ್ಟು ಎತ್ತರ. ಮೂಲೆಯಲ್ಲಿ ಅವಳದೇ ಹೆಬ್ಬೆರಳು, ಅದರಾಚೆ ಶಿರೂರಿನ ಕಿಟಕಿಯ ಸರಳಿನ ನೆರಳು. ಓಂಕಾರ್ ಅದನ್ನೇ ನೋಡುತ್ತಿದ್ದ.

"ಫೋಟೊ ನಕೋ ಅಂದಿದ್ದೆ," ಎಂದ. ಜಗಳದ ದನಿಯಲ್ಲ.

"ಹೌದು ದಾದಾ. ತಪ್ಪು ಮಾಡಿದೆ."

ಅವನು ಮಡಿಲಿನ ಫೈಲನ್ನು ಸರಿಮಾಡಿಕೊಂಡ. "ಇರಲಿ. ಅವನು ಬರ್ತಾನಲ್ಲ. ಇನ್ನು ಎಲ್ಲರೂ ನೋಡೋದೇ."

ತೃಪ್ತಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ನೀಲಿಮಾ ಹಿಂದಿಯಲ್ಲಿ ಶುರುಮಾಡಿದಳು. ಮಂಡಳಿಯ ಒಪ್ಪಿಗೆ ಪತ್ರ, ಮೂಲ ಪ್ರತಿಯ ರಸೀದಿ, ಅನುವಾದಕಿಯ ಪ್ರಮಾಣಪತ್ರ. ಎರಡು ಸಹಿ ಓಂಕಾರನದು, ಒಂದು ತೃಪ್ತಿಯದು. ಓಂಕಾರ್ ಫೈಲಿನ ದಾರ ಬಿಚ್ಚಿ ಹಾಳೆಗಳನ್ನು ಮೇಜಿನ ಮೇಲಿಟ್ಟ. ನೀಲಿಮಾ ಕೊಟ್ಟ ಪೆನ್ನು ಹಿಡಿದ. ತುದಿ ಕಾಗದಕ್ಕೆ ತಾಗುವ ಮುನ್ನ ತಲೆಯೆತ್ತಿದ.

"ತಾಈ, ಒಂದು ಸಲ ಓದಿಬಿಡಿ. ಅವರ ಭಾಷೆಯಲ್ಲೇ. ಕೇಳಿ ಆಮೇಲೆ ಸಹಿ ಹಾಕ್ತೇನೆ."

ನೀಲಿಮಾಳ ಕಣ್ಣು ಅವಳ ಮೇಲಿತ್ತು. ಏಸಿಯ ಗಾಳಿಗೆ ಮೇಲಿನ ಹಾಳೆಯ ಅಂಚು ಏಳುತ್ತಿತ್ತು, ಮಲಗುತ್ತಿತ್ತು. ತೃಪ್ತಿ ಕೊನೆಯ ಹಾಳೆ ತೆಗೆದುಕೊಂಡಳು. ಕನ್ನಡದಲ್ಲೇ ಓದಿ ಇಟ್ಟುಬಿಟ್ಟರೆ ಸಾಕಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ಸರಣಿ ಆಗುತ್ತಿತ್ತು, ಅವಳ ಹೆಸರು ತೆರೆಯ ಮೇಲೆ ಬರುತ್ತಿತ್ತು, ಅವನ ಅಭಯ ಮನೆಗೆ ಬರುತ್ತಿದ್ದ. ಮೂವರಿಗೂ ಒಳ್ಳೆಯದು.

"ಯವ್ವಾ, ಬರ್ತೇನಿ," ಎಂದು ಓದಿದಳು.

ಓಂಕಾರ್ ಕಣ್ಣು ಮುಚ್ಚಿ ಕೇಳಿದ. ತಲೆಯಾಡಿಸಿದ. "ಚಂದ ಇದೆ," ಎಂದು ಪೆನ್ನು ಕಾಗದಕ್ಕೆ ಹಚ್ಚಿದ. ಓಂ ಎಂಬ ಅಕ್ಷರದ ಮೊದಲ ಬಳುಕು ಮೂಡಿತು.

"ಆಯಿ, ಯೇತೋ," ಎಂದಳು ತೃಪ್ತಿ.

ಪೆನ್ನು ನಿಂತಿತು.

ಅವನು ತಲೆ ಎತ್ತಲಿಲ್ಲ. ಬೆಳಿಗ್ಗೆ ಶಿರೂರಿನಲ್ಲಿ ಬಸ್ಸು ಹಿಡಿಯಲು ಮನೆಯಿಂದ ಹೊರಬೀಳುವಾಗ ಅವನೂ ತಾಯಿಗೆ ಅದನ್ನೇ ಹೇಳಿ ಬಂದಿರಬೇಕು. ನಿನ್ನೆಯೂ ಹೇಳಿರಬೇಕು. ಅವನ ಕಿವಿ ಕೆಂಪಾದವು. ಪೆನ್ನಿನ ತುದಿಯಲ್ಲಿ ಶಾಯಿ ಒಂದು ಚುಕ್ಕೆಯಾಗಿ ಹರಡತೊಡಗಿತು, ಅವನು ಅದನ್ನು ಎತ್ತಲಿಲ್ಲ.

"ಹೊಸ್ತಿಲು," ಎಂದ ಕೊನೆಗೆ.

"ಹೌದು ದಾದಾ. ಹೊರಗೆ ದಾಟೋದು. ನಾನು ತಪ್ಪು ಓದಿದ್ದೆ."

"ತೃಪ್ತಿ, ನೀನು ಹೊರಗಿರು," ಎಂದಳು ನೀಲಿಮಾ. ತೃಪ್ತಿ ಕದಲಲಿಲ್ಲ. ನೀಲಿಮಾ ಕುರ್ಚಿಯನ್ನು ಓಂಕಾರನ ಹತ್ತಿರ ಎಳೆದುಕೊಂಡಳು. ಈಗ ಅವಳೂ ಮರಾಠಿಗೆ ಇಳಿದಿದ್ದಳು.

"ದಾದಾ, ಒಬ್ಬ ಲೇಖಕ ತೊಂಬತ್ನಾಲ್ಕರಲ್ಲಿ ಏನು ಅಂದುಕೊಂಡಿದ್ದ ಅನ್ನೋದು ಒಂದು ಮಾತು. ನೀವು ನಲವತ್ತು ಸಾವಿರ ಜನ ಏನು ಕಾದಿರಿ ಅನ್ನೋದು ದೊಡ್ಡ ಮಾತು. ಅಭಯ ಈಗ ಅವರವನಲ್ಲ, ನಿಮ್ಮವನು. ನಾವು ಅವನನ್ನ ಕರಕೊಂಡು ಬರ್ತೀವಿ. ಮೊದಲನೇ ದೃಶ್ಯ ಹೇಳ್ಲಾ? ನೌಕೆಯ ಬಾಗಿಲು ತೆಗೀತದೆ. ಅವನು ಇಳೀತಾನೆ. ಎದುರಿಗೆ ನಿಂತಿರೋರು ಯಾರು? ನೀವು. ನಟರಲ್ಲ, ನೀವೇ, ನಿಮ್ಮ ಮಂಡಳಿಯೇ. ಮೊದಲು ಅವನ ಕೈ ಹಿಡಿಯೋದು ನೀವು. ಬೇಕಾದರೆ ಇದನ್ನೂ ಪತ್ರದಲ್ಲಿ ಬರೀತೀನಿ. ಒಂದು ಸಹಿ ಅಷ್ಟೇ."

ಓಂಕಾರ್ ಕೇಳಿದ. ಬಾಗಿಲು ತೆಗೆದ ಮಾತು ಬಂದಾಗ ಅವನ ಕಣ್ಣು ಒಮ್ಮೆ ಎದ್ದು ಗೋಡೆಯ ಮೇಲಿನ ದೊಡ್ಡ ಹಾಳೆಯ ಕಡೆ ಹೋಯಿತು, ಮತ್ತೆ ಇಳಿಯಿತು. ಪೆನ್ನಿಗೆ ಮುಚ್ಚಳ ಹಾಕಿದ. ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಅಂಚಿಗೆ ಅಂಚು ಕೂಡಿಸಿ, ಫೈಲಿಗೆ ಸೇರಿಸಿದ. ಕೊನೆಯ ಹಾಳೆಗಾಗಿ ತೃಪ್ತಿಯ ಕಡೆ ಕೈ ಚಾಚಿದ. ಅವಳು ಕೊಟ್ಟಳು. ದಾರ ಸುತ್ತಿದ, ಎರಡು ಗಂಟು ಹಾಕಿದ.

ನೀಲಿಮಾ ಪೆನ್ನನ್ನು ಮತ್ತೆ ಅವನ ಕಡೆ ಸರಿಸಿದಳು.

"ನಕೋ," ಎಂದ ಓಂಕಾರ್.